ಒಬ್ಬೊಬ್ಬರೇ ನುಡಿಸಿದರೆ ಚೆಂದ, ಒಟ್ಟಿಗೆ ಕೂತರೆ ಸಂತೆ: ಮಕ್ಕಳ ವಾದ್ಯವೃಂದಕ್ಕೆ ಏನು ಮಾಡೋದು?

ವಿರಾಜಪೇಟೆ ಟೀಚರ್

ಎಲ್ಲರಿಗೂ ನಮಸ್ಕಾರ. ಭಾನುವಾರದ ತರಗತಿಗೆ ಬರುವ 11 ಮಕ್ಕಳನ್ನು ಸೇರಿಸಿ ವಾದ್ಯವೃಂದ ಮಾಡಿಸಬೇಕೆಂದಿದೆ. ಪಿಟೀಲು 4, ಕೊಳಲು 3, ವೀಣೆ 1, ಕೀಬೋರ್ಡ್ 1, ಮೃದಂಗ 2. ವಯಸ್ಸು 10ರಿಂದ 16. ಎಲ್ಲರಿಗೂ ಗೀತೆ, ಸ್ವರಜತಿ (ಆರಂಭದ ಪಾಠದ ರಚನೆಗಳು) ಆಗಿದೆ. ಪಿಟೀಲಿನ ಇಬ್ಬರು ಮತ್ತು ವೀಣೆಯವಳು ಅದರ ಮುಂದಿನ ಹಂತವಾದ ವರ್ಣಕ್ಕೆ ಬಂದಿದ್ದಾರೆ. ದಸರಾ ಹೊತ್ತಿಗೆ 12 ನಿಮಿಷದ ಕಾರ್ಯಕ್ರಮ ಕೊಡಬೇಕು. ವಾರಕ್ಕೆ ಸಿಗುವುದು ಒಂದೂವರೆ ಗಂಟೆ, ಅದೂ ಶೀಟು ಹೊದಿಸಿದ ಹಾಲ್. ಮಳೆ ಜೋರಾದರೆ ಯಾರು ನುಡಿಸಿದ್ದೂ ಯಾರಿಗೂ ಕೇಳಿಸುವುದಿಲ್ಲ.

ಕೊಳಲು ಮೂರೂ 5 ಮನೆ, ವೀಣೆ 3 ಮನೆ (ಮನೆ ಎಂದರೆ ಹಾರ್ಮೋನಿಯಂನ ಎಷ್ಟನೆಯ ಬಿಳಿ ಕೀಲಿಗೆ ಷಡ್ಜ, ಅಂದರೆ 'ಸ', ಇಟ್ಟಿದೆ ಎಂಬ ಲೆಕ್ಕ). ಪಿಟೀಲಿನವರು ಎಲ್ಲಿಗೆ ಹೇಳಿದರೆ ಅಲ್ಲಿಗೆ ಬರುತ್ತಾರೆ, ಆದರೆ ಶ್ರುತಿ ಮಾಡುವುದರಲ್ಲೇ ಅರ್ಧ ಗಂಟೆ ಮುಗಿಯುತ್ತದೆ. ಆದಿತಾಳದ ಸ್ವರಜತಿ ಶುರುವಾದ ವೇಗಕ್ಕೂ ಮುಗಿಯುವ ವೇಗಕ್ಕೂ ಸಂಬಂಧವೇ ಇರುವುದಿಲ್ಲ. ವರ್ಣಕ್ಕೆ ಕೈ ಹಾಕಿದರೆ ಗಮಕ (ಸ್ವರವನ್ನು ಅಲುಗಿಸುವುದು, ಜಾರಿಸುವುದು) ಬರುವ ಕಡೆಯೆಲ್ಲ ಕಲಸುಮೇಲೋಗರ. ಮೃದಂಗ ಎರಡೂ ಜೂನ್‌ನಿಂದ ಮಂಕಾಗಿ ಕೂತಿವೆ. ಎಲ್ಲಿಂದ ಹಿಡಿಯಲಿ?

---

ಗೋಣಿಕೊಪ್ಪ ಕೊಳಲು

ಟೀಚರ್, ಮೊದಲು ಶ್ರುತಿಯನ್ನು ಇತ್ಯರ್ಥ ಮಾಡಿ, ಉಳಿದದ್ದು ಆಮೇಲೆ. ವೀಣೆಯನ್ನು 3ರಿಂದ 5ಕ್ಕೆ ಏರಿಸಲು ಹೋಗಬೇಡಿ. ಅದು ಮೂರು ಅರ್ಧಸ್ವರದ ಏರಿಕೆ, ತಂತಿ ಕಡಿಯುತ್ತದೆ. ಕೊಳಲಿನವರಿಗೆ ಪಂಚಮವನ್ನೇ (ಪ) ಷಡ್ಜ ಮಾಡಿಕೊಳ್ಳಿ ಅಂದರೆ 2 ಮನೆ ಸಿಗುತ್ತದೆ ನಿಜ, ಆದರೆ ಆ ವಯಸ್ಸಿನ ಮಕ್ಕಳು ಸ್ವರವನ್ನು ಬೆರಳಿನಿಂದಲೇ ನೆನಪಿಟ್ಟಿರುತ್ತಾರೆ. ಮೂರು ವಾರ ಅದರಲ್ಲೇ ಕಳೆಯುತ್ತದೆ.

4 ಮನೆಗೆ ಬನ್ನಿ. 3ಕ್ಕೂ 4ಕ್ಕೂ ನಡುವೆ ಕಪ್ಪು ಮನೆ ಇಲ್ಲ, ಅಂತರ ಅರ್ಧಸ್ವರ ಮಾತ್ರ. ಅಷ್ಟನ್ನು ಒಳ್ಳೆಯ ತಂತಿ ಇರುವ ವೀಣೆ ತಡೆಯುತ್ತದೆ. ಎರಡು ದಿನ ಬಿಟ್ಟುಬಿಟ್ಟು ಸ್ವಲ್ಪಸ್ವಲ್ಪವೇ ಏರಿಸಿ. ಪಿಟೀಲಿಗೆ 4 ಮನೆ ಆರಾಮ. ಕೊಳಲು ಮಾತ್ರ ಹೊಸದು ಬೇಕು. 4 ಮನೆ ಕೊಳಲು 5 ಮನೆಯದಕ್ಕಿಂತ ಸುಮಾರು 12% ಉದ್ದ, ರಂಧ್ರಗಳ ಅಂತರವೂ ಅಷ್ಟೇ ಹೆಚ್ಚು. ಚಿಕ್ಕ ಕೈಯವರಿಗೆ ಮೊದಮೊದಲು ಕೆಳಗಿನ ರಂಧ್ರ ಪೂರ್ತಿ ಮುಚ್ಚದೆ ಗಾಳಿ ಸೋರುತ್ತದೆ. ಬೆರಳ ತುದಿಯಿಂದ ಒತ್ತುವುದನ್ನು ಬಿಡಿಸಿ, ಮೆತ್ತನೆಯ ಭಾಗ ಇಟ್ಟು ಮುಚ್ಚಲು ಹೇಳಿ, ಸರಿಹೋಗುತ್ತದೆ.

ಮೂರನ್ನೂ ಒಬ್ಬರೇ ಮಾಡಿದ್ದು, ಒಂದೇ ಸಲಕ್ಕೆ ಕೊಳ್ಳಿ. ಅಂಗಡಿಯಲ್ಲೇ ಫೋನಿನ ಟ್ಯೂನರ್ ಇಟ್ಟು ಮಧ್ಯ ಷಡ್ಜ, ಪಂಚಮ, ತಾರ ಷಡ್ಜ ಊದಿಸಿ ನೋಡಿ. ಮೂರು ಕೊಳಲಿನ ನಡುವೆ 10 ಸೆಂಟ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬೇಡ. ಅರ್ಧಸ್ವರಕ್ಕೆ 100 ಸೆಂಟ್ ಲೆಕ್ಕ.

ಇನ್ನು ನಮ್ಮ ಊರಿನ ಚಳಿ. ಗಾಳಿ ಒಂದು ಡಿಗ್ರಿ ತಣ್ಣಗಾದರೆ ಕೊಳಲಿನ ಶ್ರುತಿ ಸುಮಾರು 3 ಸೆಂಟ್ ಇಳಿಯುತ್ತದೆ. 15 ಡಿಗ್ರಿಯ ಬೆಳಗ್ಗೆಗೂ 25 ಡಿಗ್ರಿಯ ಮಧ್ಯಾಹ್ನಕ್ಕೂ 30 ಸೆಂಟ್ ಆಯಿತು, ಎಂಥ ಕಿವಿಗೂ ಗೊತ್ತಾಗುವಷ್ಟು. ಲೋಹದ ತಂತಿ ಇದಕ್ಕೆ ತಿರುಗಾಮುರುಗಾ, ಚಳಿಗೆ ಬಿಗಿದು ಮೇಲೆ ಹೋಗುತ್ತದೆ. ಒಂದು ಕೆಳಗೆ, ಒಂದು ಮೇಲೆ. ನಿಮ್ಮ ಅರ್ಧ ಗಂಟೆ ಹೋಗುತ್ತಿರುವುದು ಇಲ್ಲೇ.

ಬಿದಿರಿನ ಕೊಳಲಿಗೆ ಬಿರಡೆ ಇಲ್ಲ, ಅದನ್ನು ತಂಬೂರಿಗೆ ಹೊಂದಿಸಲಾಗದು. ಆದ್ದರಿಂದ ತಂಬೂರಿಯನ್ನೇ ಕೊಳಲಿಗೆ ಹೊಂದಿಸಿ. ಮಕ್ಕಳು ಬಂದ ತಕ್ಷಣ ಕೊಳಲಿನ ಮೂವರು 5 ನಿಮಿಷ ಉದ್ದುದ್ದ ಸ್ವರ ಊದಿ ಕೊಳಲು ಬೆಚ್ಚಗೆ ಮಾಡಲಿ. ಆಮೇಲೆ ಮೂವರೂ ಷಡ್ಜ ಹಿಡಿದಾಗ ಎಲ್ಲಿ ನಿಲ್ಲುತ್ತದೆ ನೋಡಿ, ತಂಬೂರಿ ಆಪ್‌ನಲ್ಲಿ ಸೆಂಟ್ ಹೆಚ್ಚುಕಡಿಮೆ ಮಾಡುವ ಕಡೆ ಹೋಗಿ ಅಲ್ಲಿಗೆ ತನ್ನಿ. ಕೀಬೋರ್ಡ್‌ನಲ್ಲೂ ಟ್ಯೂನಿಂಗ್ ಸೆಟ್ಟಿಂಗ್ ಇರುತ್ತದೆ, ಅದನ್ನೂ ಅಷ್ಟಕ್ಕೇ. ಬಳಿಕ ವೀಣೆ, ಆಮೇಲೆ ಪಿಟೀಲು ಒಬ್ಬೊಬ್ಬರಾಗಿ, ಕೊನೆಗೆ ಮೃದಂಗ. ಒಬ್ಬರು ಶ್ರುತಿ ಮಾಡುವಾಗ ಉಳಿದವರ ಕೈ ಮಡಿಲಲ್ಲಿ. ಈ ಶಿಸ್ತು ಬಂದರೆ 10 ನಿಮಿಷ ಸಾಕು.

ಕೀಬೋರ್ಡ್ ಬಗ್ಗೆ ನನ್ನ ಅಭಿಪ್ರಾಯ: ಕೈಬಿಡುವುದೇ ಒಳ್ಳೆಯದು.

---

ಮಡಿಕೇರಿ ಲಯ

ವೇಗ ಓಡುವುದಕ್ಕೆ ಎಲ್ಲರೂ ವೇಗದ ಸ್ವರಗಳನ್ನು ದೂರುತ್ತಾರೆ. ಓಟ ಶುರುವಾಗುವುದು ಅಲ್ಲಲ್ಲ ಟೀಚರ್, ಕಾರ್ವೆಯಲ್ಲಿ, ಅಂದರೆ ಸ್ವರವನ್ನು ಎಳೆದು ಹಿಡಿಯುವ ಜಾಗದಲ್ಲಿ. ನಾಲ್ಕು ಅಕ್ಷರ (ತಾಳದ ಎಣಿಕೆ) ಹಿಡಿಯಬೇಕಾದ ಸ್ವರವನ್ನು ಮಕ್ಕಳು ಮೂರೂವರೆಗೇ ಬಿಟ್ಟು ಮುಂದಿನದಕ್ಕೆ ನೆಗೆಯುತ್ತಾರೆ. 11 ಜನರೂ ಒಂದೊಂದು ಅಳತೆಗೆ ನೆಗೆದಾಗ, ಮೊದಲು ನೆಗೆದವನ ಜೊತೆ ಉಳಿದವರು ಸೇರಿಕೊಳ್ಳುತ್ತಾರೆ. ಹೀಗೆ ಪ್ರತಿ ಆವರ್ತದಲ್ಲೂ (ತಾಳದ ಪೂರ್ತಿ ಸುತ್ತು) ಸ್ವಲ್ಪ ಸ್ವಲ್ಪ. ಬೇಕಿದ್ದರೆ ರೆಕಾರ್ಡ್ ಮಾಡಿ ಕೇಳಿ, ಉದ್ದ ಸ್ವರ ಮುಗಿಯುವ ಜಾಗದಲ್ಲೇ ಜಾರಿರುತ್ತದೆ.

ಮದ್ದು: ವಾದ್ಯ ಕೆಳಗಿಟ್ಟು ತಾಳ ಹಾಕಿ ಸ್ವರ ಹಾಡಿಸಿ. ಕಾರ್ವೆಯನ್ನು 'ಸಾ' ಎಂದು ಎಳೆಯದೆ 'ಸಾ-ಆ-ಆ-ಆ' ಎಂದು ಪ್ರತಿ ಅಕ್ಷರಕ್ಕೂ ಒಂದು ತಟ್ಟು ಕೊಟ್ಟು ಹಾಡಲಿ. ಆಮೇಲೆ ಅರ್ಧ ಜನ ನುಡಿಸಲಿ, ಅರ್ಧ ಜನ ತಾಳ ಹಾಕಲಿ, ಮುಂದಿನ ಸಲ ಅದಲುಬದಲು. ಅದು ನಿಂತ ಮೇಲೆ ಮೌನದ ಆವರ್ತ. ಒಂದು ಆವರ್ತ ನುಡಿಸುವುದು, ಮುಂದಿನ ಆವರ್ತ ಪೂರ್ತಿ ಸುಮ್ಮನೆ, ಕೈತಾಳವೂ ಇಲ್ಲ, ಮತ್ತೆ ಸಮಕ್ಕೆ, ಅಂದರೆ ಮುಂದಿನ ಸುತ್ತಿನ ಮೊದಲ ಪೆಟ್ಟಿಗೆ, ಎಲ್ಲರೂ ಎತ್ತಬೇಕು. ಮೊದಲ ದಿನ ನಗೆಪಾಟಲಾಗುತ್ತದೆ, ಆಗಲಿ. ಯಾರು ಬೇಗ ಬರುತ್ತಾರೆ ಎಂಬುದು ಮಕ್ಕಳಿಗೇ ಗೊತ್ತಾಗುತ್ತದೆ, ನೀವು ಬೆರಳು ತೋರಿಸುವ ಅಗತ್ಯವೇ ಬೀಳುವುದಿಲ್ಲ.

ಮೆಟ್ರೊನೋಮ್ ಅನ್ನು ಪ್ರತಿ ಅಕ್ಷರಕ್ಕೂ ಬಡಿಸಬೇಡಿ. ಹಾಗೆ ಮಾಡಿದರೆ ಮಕ್ಕಳು ಯಂತ್ರವನ್ನು ಹಿಂಬಾಲಿಸುತ್ತಾರೆ, ಪಕ್ಕದವರನ್ನು ಕೇಳುವುದಿಲ್ಲ. ಅಕ್ಷರಕ್ಕೆ 80ರ ವೇಗ ಬೇಕಿದ್ದರೆ ಆಪ್‌ನಲ್ಲಿ 20 ಇಡಿ. ಆಗ ಆದಿತಾಳದ 8 ಅಕ್ಷರದಲ್ಲಿ ಲಘುವಿನ (ಮೊದಲ ನಾಲ್ಕು) ಪೆಟ್ಟಿಗೆ ಒಂದು ಕ್ಲಿಕ್, ಮೊದಲ ದ್ರುತದ (ಐದು-ಆರನೆಯದು) ಪೆಟ್ಟಿಗೆ ಒಂದು. ನಡುವಿನ ಮೂರು ಅಕ್ಷರವನ್ನು ಮಕ್ಕಳೇ ತುಂಬಬೇಕು. ಕಲಿಸುವಾಗ 60ರಿಂದ ಹಿಡಿದು 4ರಂತೆ ಏರಿಸಿ. ವೇದಿಕೆಗೆ 80 ಧಾರಾಳ.

ಕೂರಿಸುವ ರೀತಿಯೂ ಮುಖ್ಯ. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. 11 ಮಕ್ಕಳನ್ನು ಗ್ರೂಪ್ ಫೋಟೋಕ್ಕೆ ನಿಲ್ಲಿಸಿದ ಹಾಗೆ ಒಂದೇ ಸಾಲಿನಲ್ಲಿ ಕೂರಿಸಿದರೆ ಈ ತುದಿಗೂ ಆ ತುದಿಗೂ 30 ಮಿಲಿಸೆಕೆಂಡು. ಎರಡನೇ ಕಾಲದಲ್ಲಿ (ಇಮ್ಮಡಿ ವೇಗ) ಅಷ್ಟೇ ಸಾಕು, ಸ್ವರದ ಅಂಚು ಮಸುಕಾಗುತ್ತದೆ. ಅರ್ಧಚಂದ್ರದಂತೆ ಎರಡು ಸಾಲು, ಯಾರಿಂದ ಯಾರಿಗೂ 3 ಮೀಟರ್ ಮೀರದಂತೆ. ಮೃದಂಗ ನಡುವೆ, ವೀಣೆ ಅದರ ಮಗ್ಗುಲಲ್ಲಿ, ಯಾಕೆಂದರೆ ವೀಣೆಯ ಸದ್ದು ಕಡಿಮೆ. ಮುಂದಿನ ಸಾಲಿನ ಒಂದು ತುದಿಗೆ ಮುಖ್ಯ ಪಿಟೀಲು, ಎಲ್ಲರಿಗೂ ಅವರ ಕಮಾನು ಕಾಣಬೇಕು.

ಮೃದಂಗ ಎರಡು ಇದೆ ಎಂದು ಎರಡನ್ನೂ ಒಟ್ಟಿಗೆ ತುಂಬಾ ನುಡಿಸಬೇಡಿ. ಒಬ್ಬ ಸರ್ವಲಘು (ಸರಳ ನಡೆ) ಹಿಡಿದರೆ ಇನ್ನೊಬ್ಬನ ಕೈಗೆ ತಾಳ ಕೊಡಿ, ಮುಂದಿನ ಕೃತಿಗೆ ಬದಲಾಯಿಸಿ. ತನಿಯಲ್ಲಿ (ಮೃದಂಗ ಮಾತ್ರ ನುಡಿಯುವ ಭಾಗ) ಮಾತ್ರ ಇಬ್ಬರೂ.

---

ಪಿಟೀಲು ಮಾಸ್ತರ

ಗಮಕ ಕಲಸಿಹೋಗುವುದಕ್ಕೆ ಮಕ್ಕಳ ತಪ್ಪಿಲ್ಲ. ಒಂಟಿಯಾಗಿ ನುಡಿಸುವಾಗ ಕಂಪಿತವನ್ನು ಎಷ್ಟು ಸಲ, ಎಷ್ಟು ಅಗಲಕ್ಕೆ ಅಲುಗಿಸಬೇಕು ಎಂಬುದು ಅವರವರ ಮನೋಧರ್ಮ. ಗುಂಪಿನಲ್ಲಿ ಅದನ್ನು ಕೂತು ತೀರ್ಮಾನಿಸಬೇಕು. ಮೋಹನದ ಧೈವತ ನಾಲ್ಕು ಅಕ್ಷರ ಬರುತ್ತದೆ ಅನ್ನಿ. ಮೊದಲ ಅಕ್ಷರ ನೇರವಾಗಿ ನಿಲ್ಲಲಿ, ಮುಂದಿನ ಎರಡರಲ್ಲಿ ಅಕ್ಷರಕ್ಕೆ ಎರಡರಂತೆ ಅಲುಗು, ನಾಲ್ಕನೆಯದರಲ್ಲಿ ಮತ್ತೆ ನೇರ. ಹೀಗೆ ಬರೆದುಕೊಟ್ಟರೆ ಪಿಟೀಲು, ಕೊಳಲು, ವೀಣೆ ಮೂರೂ ಒಂದೇ ಆಕಾರಕ್ಕೆ ಬರುತ್ತವೆ. ಎರಡನೇ ಕಾಲದಲ್ಲಿ ಕಂಪಿತವೇ ಬೇಡ, ಸ್ವರ ನೇರವಾಗಿರಲಿ. ಪಂಡಿತರು ಯಾರಾದರೂ ಮೂಗು ಮುರಿದರೆ ಮುರಿಯಲಿ.

ಇದಕ್ಕಿಂತ ಹೆಚ್ಚಿನ ಕೆಲಸ ಕಮಾನು, ಉಸಿರು, ಮೀಟು ಈ ಮೂರನ್ನು ಹೊಂದಿಸುವುದರಲ್ಲಿದೆ. ಸ್ವರಲಿಪಿಯ ಒಂದೊಂದು ಪ್ರತಿ ಎಲ್ಲರ ಕೈಗೂ ಕೊಡಿ, ಪೆನ್ಸಿಲ್ ಕಡ್ಡಾಯ. ಮೊದಲು ಕೊಳಲಿನವರು ಎಲ್ಲಿ ಉಸಿರು ತೆಗೆಯಬೇಕು ಎಂದು ಗುರುತು ಮಾಡಿ. ಹತ್ತು ವರ್ಷದವರಿಗೆ 60ರ ವೇಗದಲ್ಲಿ ಆದಿತಾಳದ ಒಂದು ಆವರ್ತ ಎಂದರೆ 8 ಸೆಕೆಂಡು, ಒಂದೇ ಉಸಿರಿಗೆ ಕಷ್ಟ. ಆದ್ದರಿಂದ ಲಘು ಮುಗಿಯುವಲ್ಲಿ ಒಂದು ಗುರುತು, ಆವರ್ತದ ಕೊನೆಗೊಂದು. ಪಿಟೀಲಿನವರು ಕಮಾನಿನ ದಿಕ್ಕು ಬದಲಿಸುವುದೂ ಅದೇ ಗುರುತಿನಲ್ಲಿ, ವೀಣೆಯ ಹೊಸ ಮೀಟೂ ಅಲ್ಲೇ. ನಡುವೆ ನಾಲ್ಕು ಅಕ್ಷರಕ್ಕೆ ಒಂದು ಕಮಾನು. ನಾಲ್ಕೂ ಪಿಟೀಲಿನ ಕಮಾನು ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ ಹೋಗದಿದ್ದರೆ ನಿಲ್ಲಿಸಿಬಿಡಿ. ಅದು ನೋಟಕ್ಕಾಗಿ ಅಲ್ಲ. ಹಿಡಿಯ ಕಡೆ ಇರುವ ಕಮಾನಿಗೆ ತೂಕ ಹೆಚ್ಚು, ತುದಿಗೆ ಕಡಿಮೆ. ಇಬ್ಬರು ಹಿಡಿಯಲ್ಲಿ, ಇಬ್ಬರು ತುದಿಯಲ್ಲಿ ಇದ್ದರೆ ಒಂದೇ ಸ್ವರ ಒಡಕಾಗಿ ಕೇಳಿಸುತ್ತದೆ.

ಮಳೆಗಾಲದಲ್ಲಿ ಕಮಾನಿನ ಕೂದಲು ಥಂಡಿಗೆ ಸಡಿಲವಾಗುತ್ತದೆ, ಪ್ರತಿ ಸಲ ಒಂದು ಸುತ್ತು ಹೆಚ್ಚು ಬಿಗಿಸಬೇಕು, ಮುಗಿದ ಮೇಲೆ ಮರೆಯದೆ ಸಡಿಲಿಸಬೇಕು. ಬಿರಡೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಬಲವಂತ ಮಾಡಿದರೆ ತಂತಿ ಹೋಗುತ್ತದೆ, ಬಿರಡೆ ಹೊರತೆಗೆದು ಪೆನ್ಸಿಲ್ ಸೀಸ ತಿಕ್ಕಿ ಕೂರಿಸಿ.

ಕೀಬೋರ್ಡ್ ಬಗ್ಗೆ ಗೋಣಿಕೊಪ್ಪದವರ ಮಾತಿಗೆ ಅರ್ಧ ಒಪ್ಪಿಗೆ. ಅದರ ಅಂತರ ಗಾಂಧಾರ (ಮೋಹನದಲ್ಲಿ ಬರುವ 'ಗ') ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ 14 ಸೆಂಟ್ ಮೇಲೆ. ಪಿಟೀಲಿನವರು ಕೀಬೋರ್ಡ್ ಕೇಳಿಕೊಂಡು ಬೆರಳಿಟ್ಟರೆ ತಂಬೂರಿಗೆ ಅಪಸ್ವರ, ತಂಬೂರಿಗೆ ಇಟ್ಟರೆ ಕೀಬೋರ್ಡ್‌ಗೆ ಅಪಸ್ವರ. ಆದರೆ ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್. ಆ ಹುಡುಗನನ್ನು ಕಳಿಸಬೇಡಿ, ಮಂದ್ರದಲ್ಲಿ (ಕೆಳಗಿನ ಸ್ಥಾಯಿ) ಸ-ಪ ಮಾತ್ರ ಕೊಡಿ, ಸಮಕ್ಕೊಂದು, ದ್ರುತಕ್ಕೊಂದು. ಬಳಗಕ್ಕೆ ತಳ ಸಿಗುತ್ತದೆ, ತಾಳ ಕಾಯುವ ಕೆಲಸವೂ ಆಗುತ್ತದೆ.

ಸಿನಿಮಾ ಹಾಡಿನಂತೆ ಮೇಲೊಂದು ಪಂಚಮದ ಸಾಲು ಜೋಡಿಸುವ ಆಸೆ ಬಂದರೆ ತಡೆದುಕೊಳ್ಳಿ. ಮೋಹನದಲ್ಲಿ ಸ-ಗೆ ಪ, ರಿ-ಗೆ ದ ಸರಿಯಾಗಿಯೇ ಬರುತ್ತದೆ, ಗಾಂಧಾರಕ್ಕೆ ಬಂದ ಕೂಡಲೇ ನಿಷಾದ ಬಿದ್ದು ರಾಗ ಕೆಡುತ್ತದೆ.

---

ವಿರಾಜಪೇಟೆ ಟೀಚರ್

ತುಂಬಾ ಉಪಕಾರ. 4 ಮನೆ ಎಂಬುದು ಹೊಳೆದೇ ಇರಲಿಲ್ಲ. ಎರಡು ಪ್ರಶ್ನೆ ಉಳಿದಿವೆ. 12 ನಿಮಿಷಕ್ಕೆ ಏನೇನು ಇಡಲಿ, ವರ್ಣ ಬಿಡಬೇಕೇ? ಸಮಿತಿಯವರು "ನಮ್ಮ ಕಡೆಯದ್ದೂ ಏನಾದರೂ ಇರಲಿ, ವಾಲಗ ಸೇರಿಸಿ" ಅನ್ನುತ್ತಿದ್ದಾರೆ. ವಾಲಗ ಎಂದರೆ ನಮ್ಮ ಕೊಡಗಿನ ಸಾಂಪ್ರದಾಯಿಕ ವಾದ್ಯಮೇಳ. ಅದರ ಕೊಂಬು (ಕಹಳೆ), ಕೊಟ್ಟು (ಚರ್ಮವಾದ್ಯ) ಜೊತೆ ಮಕ್ಕಳನ್ನು ಕೂರಿಸಬಹುದೇ?

---

ಪಿಟೀಲು ಮಾಸ್ತರ

ವರ್ಣ ಈ ವರ್ಷ ಬಿಡಿ. ಗುಂಪಿಗೆ ಕೊಡುವ ಕೃತಿ ಅದರಲ್ಲಿ ತೀರಾ ಹಿಂದಿರುವ ಮಗು ಒಂಟಿಯಾಗಿ ನುಡಿಸಬಲ್ಲದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕು. ಉಳಿದ ಗಮನ ಕಿವಿಗೆ ಬೇಕಲ್ಲ.

ಮೊದಲಿಗೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ ಒಂದು, ತಿಶ್ರದ್ದು (ಮೂರರ ನಡೆ), 2 ನಿಮಿಷ. ಶಂಕರಾಭರಣದ ನೇರ ಸ್ವರಗಳು, ಪಾಶ್ಚಾತ್ಯ ಮಟ್ಟಿನವು, ಗಮಕದ ಗೊಡವೆ ಇಲ್ಲ. ಶ್ರುತಿ ಸರಿಯಿದೆಯೋ ಇಲ್ಲವೋ ಅದರಲ್ಲೇ ಗೊತ್ತಾಗುತ್ತದೆ. ಎರಡನೆಯದು ಮಲಹರಿಯ ಪಿಳ್ಳಾರಿ ಗೀತೆ, 3 ನಿಮಿಷ. ಎಲ್ಲರಿಗೂ ಕಂಠಪಾಠ ಇರುವುದರಿಂದ ಜೋಡಣೆಯ ಮೇಲೆ ಗಮನ ಕೊಡಬಹುದು. ಮೊದಲ ಸುತ್ತು ವೀಣೆ ಮತ್ತು ಒಂದು ಪಿಟೀಲು, ಎರಡನೆಯದಕ್ಕೆ ನಾಲ್ಕೂ ಪಿಟೀಲು, ಮೂರನೆಯದಕ್ಕೆ ಕೊಳಲು ಸೇರಲಿ. ಕೊಳಲಿನವರನ್ನು ತಾರಸ್ಥಾಯಿಗೆ ಕಳಿಸಬೇಡಿ. ಚಿಕ್ಕ ಕೊಳಲಿನ ಮಧ್ಯಸ್ಥಾಯಿಯೇ ಪಿಟೀಲಿಗಿಂತ ಒಂದು ಸ್ಥಾಯಿ ಮೇಲಿದೆ, ಇನ್ನೂ ಏರಿದರೆ ವೀಣೆ ಮುಳುಗಿತು.

ಮೂರನೆಯದು ನೀವು ಕಲಿಸಿರುವ ಆದಿತಾಳದ ಸ್ವರಜತಿ, 4 ನಿಮಿಷ. ಇಲ್ಲಿ ದುಡಿಕೊಟ್ಟ್ ಪಾಟ್‌ನ (ದುಡಿ ಎಂಬ ಪುಟ್ಟ ಚರ್ಮವಾದ್ಯ ನುಡಿಸುತ್ತ ಹಾಡುವ ಕೊಡವ ಹಾಡು) ರೀತಿ ಬಳಸಿಕೊಳ್ಳಿ: ಇಬ್ಬರು ಒಂದು ಸಾಲು ಹೇಳುವುದು, ಇನ್ನಿಬ್ಬರು ಅದನ್ನು ಎತ್ತಿಕೊಳ್ಳುವುದು. ಚರಣಗಳನ್ನು ಪಿಟೀಲು ಕೇಳಿದರೆ ಕೊಳಲು ಉತ್ತರ ಕೊಡುವಂತೆ ಹಂಚಿ, ಪಲ್ಲವಿಗೆ ಎಲ್ಲರೂ. ಸಾಲು ಕೈ ಬದಲಿಸುವಾಗ ಅರ್ಧ ಅಕ್ಷರದ ಗ್ಯಾಪ್ ಬರುವುದು ಸಾಮಾನ್ಯ. ಮೊದಲಿನವರು ಕೊನೆಯ ಸ್ವರವನ್ನು ಮುಂದಿನ ಸಮದವರೆಗೂ ಹಿಡಿದರೆ ಅದು ಮುಚ್ಚಿಹೋಗುತ್ತದೆ. ಆಮೇಲೆ 2 ನಿಮಿಷ ತನಿ, ಒಂದು ನಿಮಿಷ ಪಲ್ಲವಿಗೆ ಮರಳಿ ಮುಕ್ತಾಯ.

---

ಮಡಿಕೇರಿ ಲಯ

ವಾಲಗದವರನ್ನು ಖಂಡಿತ ಕರೆಯಿರಿ, ಆದರೆ ರಾಗದ ಮೇಲೆ ಹೇರಬೇಡಿ. ಕೊಂಬಿನ ಸ್ವರ ಅದರ ಉದ್ದಕ್ಕೆ ಕಟ್ಟುಬಿದ್ದದ್ದು, ನಿಮ್ಮ 4 ಮನೆಗೆ ಬಾ ಅಂದರೆ ಬರುವುದಿಲ್ಲ. ಕೊಟ್ಟಿನ ಪೆಟ್ಟಿಗೆ ವೀಣೆಯೂ ಉಳಿಯುವುದಿಲ್ಲ. ಅವರು ಮೊದಲು ನುಡಿಸಿ ನಿಲ್ಲಿಸಲಿ, ಅದೇ ನಡೆಯನ್ನು ಹಿಡಿದು ಮೃದಂಗ ಎರಡು ಆವರ್ತ ನುಡಿಸಿ ನೊಟ್ಟುಸ್ವರಕ್ಕೆ ಬಿಟ್ಟುಕೊಡಲಿ. ವಾಲಗದ ಓಟ ಆರಾರರ ಗುಂಪು, ಮೂರು-ಮೂರಾಗಿ ಒಡೆಯುತ್ತದೆ. ನಮ್ಮ ಮಕ್ಕಳು ಮದುವೆಮನೆಯಲ್ಲಿ ಕುಣಿದೇ ಅದನ್ನು ಮೈಯಲ್ಲಿ ಇಟ್ಟುಕೊಂಡಿರುತ್ತಾರೆ. ತಿಶ್ರ ಕಲಿಸಲು ಕರಿಹಲಗೆ ಬೇಡ, ವಾಲಗ ಹಾಕಿ ನಡೆದಾಡಿಸಿ, ಕಾಲು ಎರಡು ಪೆಟ್ಟಿಗೆ, ಬಾಯಲ್ಲಿ 'ತಕಿಟ ತಕಿಟ'. ತಾಳದ ಪಾಠ ಅರ್ಧ ಮುಗಿದಂತೆ. ಕೊಂಬಿನ ಬದಲು ದುಡಿ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಸದ್ದು ವೀಣೆಯನ್ನು ನುಂಗುವುದಿಲ್ಲ.

ಮೃದಂಗ ಮಂಕಾಗಿರುವುದು ಚರ್ಮ ಥಂಡಿ ಎಳೆದುಕೊಂಡು ಸಡಿಲಾಗಿ. ಒಲೆ ಪಕ್ಕ ಇಡಬೇಡಿ, ಬೇಗ ಒಣಗಿ ಕರಣೆ (ಬಲಮುಖದ ಕಪ್ಪು ಲೇಪ) ಬಿರಿಯುತ್ತದೆ. ಬಟ್ಟೆ ಬೀರುವಿನಲ್ಲಿ ಹಳೇ ಕಾಲದ 40 ವ್ಯಾಟ್ ತಂತಿ ಬಲ್ಬ್ ಹಾಕಿ, ಒಂದೂವರೆ ಅಡಿ ದೂರದಲ್ಲಿ ಇಡಿ, ಬಟ್ಟೆ ಬಲ್ಬಿಗೆ ತಾಗದಿರಲಿ. ಎಲ್‌ಇಡಿ ಬಲ್ಬ್ ಹಾಕಿ ಬಿಸಿಯಾಗಲಿಲ್ಲ ಅನ್ನಬೇಡಿ. ಎಡಮುಖಕ್ಕೆ ಮೆತ್ತುವ ಕಲಸಿದ ರವೆಯನ್ನು ತೆಳುವಾಗಿ ಹಚ್ಚಿ, ನುಡಿಸಿದ ಕೂಡಲೇ ಕೆರೆದು ತೆಗೆದು ಒರೆಸಿ. ಈ ಕಾಲದಲ್ಲಿ ಬಿಟ್ಟರೆ ಬೂಷ್ಟು. ಶ್ರುತಿ ಏರಿಸುವಾಗ ಒಂದೇ ಜಾಗಕ್ಕೆ ಹೊಡೆಯದೆ ಎದುರುಬದುರು ಜಾಗಕ್ಕೆ ಸಣ್ಣ ಪೆಟ್ಟು. ಕೊಳ್ಳುವ ಯೋಗ ಇದ್ದರೆ ಒಂದು ಫೈಬರ್, ನಟ್-ಬೋಲ್ಟಿನದು. ನಾದ ಸ್ವಲ್ಪ ಒರಟು, ಆದರೆ ಶ್ರುತಿ ಇಳಿದರೂ ನಟ್ ತಿರುಗಿಸಿ ಬೇಗ ಸರಿಮಾಡಬಹುದು. ದೊಡ್ಡ ಗಾತ್ರದ ತಗ್ಗು ಶ್ರುತಿಯ ಮೃದಂಗ 4 ಮನೆಗೆ ಏರುವುದಿಲ್ಲ, ಹೆಚ್ಚು ಶ್ರುತಿಯದೇ ಕೇಳಿ.

---

ಸೋಮವಾರಪೇಟೆ ಮೈಕ್‌ಸೆಟ್

ವೇದಿಕೆ ವಿಷಯ ಯಾರೂ ಹೇಳಲಿಲ್ಲ. ದಸರಾ ವೇದಿಕೆ ಬಯಲು, ರಾತ್ರಿ, ಚಳಿ. ಕೊಳಲುಗಳನ್ನು ಸರದಿ ಬರುವವರೆಗೂ ಸ್ವೆಟರ್ ಒಳಗೆ ಇಟ್ಟುಕೊಳ್ಳಲಿ. ಶ್ರುತಿಯನ್ನು ಹಿಂದಿನ ಕೋಣೆಯಲ್ಲಿ ಮಾಡಿ ಹೊರಗೆ ಬಂದರೆ ಬದಲಾಗಿರುತ್ತದೆ. ವೇದಿಕೆ ಪಕ್ಕದ ಬಯಲಲ್ಲೇ ಮಾಡಿ.

11 ಜನಕ್ಕೆ 11 ಮೈಕ್ ಕೇಳಬೇಡಿ, ಬ್ಯಾಲೆನ್ಸ್ ಮಾಡುವವರೂ ಸಿಗುವುದಿಲ್ಲ. ಇಬ್ಬರು ಪಿಟೀಲಿಗೆ ನಡುವೆ ಒಂದರಂತೆ 2, ಕೊಳಲಿನ ಮೂವರಿಗೆ ಎರಡು ಅಡಿ ದೂರದಲ್ಲಿ 1. ಊದುವ ಗಾಳಿ ನೇರ ಬೀಳದಂತೆ ಸ್ವಲ್ಪ ಪಕ್ಕಕ್ಕೆ ತಿರುಗಿಸಿಡಿ, ಇಲ್ಲದಿದ್ದರೆ ಭುಸ್ ಅನ್ನುತ್ತದೆ. ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕ್ 1, ಮೃದಂಗದ ಬಲಮುಖಕ್ಕೆ 1. ಕೀಬೋರ್ಡ್ ನೇರ ಮಿಕ್ಸರ್‌ಗೆ, ಕೇಳಿಸಿತೋ ಇಲ್ಲವೋ ಅನ್ನುವಷ್ಟೇ. ಮಕ್ಕಳ ಕಡೆ ತಿರುಗಿದ ಮಾನಿಟರ್ ಸ್ಪೀಕರ್ ಒಂದಾದರೂ ಇರಲಿ, ಅದರಲ್ಲಿ ತಂಬೂರಿ, ವೀಣೆ ಮತ್ತು ಮೃದಂಗ ಮಾತ್ರ ಬಿಡಿಸಿ. ಮಾನಿಟರ್ ಇಲ್ಲದಿದ್ದರೆ ಮೈದಾನದ ಆಚೆಗೆ ಹೋಗಿ ತಿರುಗಿ ಬರುವ ಸದ್ದನ್ನು ಕೇಳಿಕೊಂಡು ಮಕ್ಕಳು ಎಳೆಯಲು ಶುರುಮಾಡುತ್ತಾರೆ. ಪಾಠದಲ್ಲಿ ಓಡುವವರು ವೇದಿಕೆಯಲ್ಲಿ ನಿಧಾನವಾಗುವುದು ಹೀಗೆ.

ಶುರು ಮಾಡುವುದನ್ನೂ ಅಭ್ಯಾಸ ಮಾಡಿಸಿ. ಮುಖ್ಯ ಪಿಟೀಲು ಕಮಾನು ಎತ್ತಿ, ತಾಳದ ಕೊನೆಯ ಎರಡು ಅಕ್ಷರ ತಲೆಯಲ್ಲಿ ತೋರಿಸಿ, ಎಲ್ಲರಿಗೂ ಕೇಳುವಂತೆ ಉಸಿರೆಳೆದು ಸಮಕ್ಕೆ ಬರಬೇಕು. ನೀವು ಎದುರು ನಿಂತು ಕೈ ಬೀಸಬೇಡಿ, ಕರೆಂಟ್ ಹೋದರೆ ನೀವು ಕಾಣುವುದಿಲ್ಲ. ಮುಖ್ಯ ಸ್ಥಾನವನ್ನು ಪ್ರತಿ ವಾರ ಬದಲಿಸುತ್ತಿದ್ದರೆ ಅಂದು ಒಬ್ಬರಿಗೆ ಜ್ವರ ಬಂದರೂ ತೊಂದರೆ ಇಲ್ಲ.

ಇನ್ನೊಂದು, ದಾರಿ ತಪ್ಪಿದ ಮಗು ಏನು ಮಾಡಬೇಕು ಎಂಬುದನ್ನು ಮೊದಲೇ ಹೇಳಿಕೊಟ್ಟಿರಿ. ಹುಡುಕಾಡುತ್ತಾ ನುಡಿಸಿದರೆ ಪಕ್ಕದವರನ್ನೂ ಎಳೆದುಕೊಂಡು ಹೋಗುತ್ತದೆ. ವಾದ್ಯ ನಿಲ್ಲಿಸಿ, ತೊಡೆಯ ಮೇಲೆ ತಾಳ ಹಿಡಿದು, ಮುಂದಿನ ಪಲ್ಲವಿಯ ಸಮಕ್ಕೆ ಸೇರಿಕೊಳ್ಳಲಿ. ಅಭ್ಯಾಸದಲ್ಲೇ ಬೇಕೆಂದೇ ಒಬ್ಬರ ಭುಜ ತಟ್ಟಿ ನಿಲ್ಲಿಸಿ, ಹೀಗೆ ಸೇರಿಸಿ ನೋಡಿ. ಮೃದಂಗದ ಹುಡುಗರನ್ನೂ ಬಿಡಬೇಡಿ, ಅವರು ನಿಂತಾಗ ಉಳಿದ 9 ಜನ ಲಯ ಹಿಡಿದುಕೊಂಡೇ ಹೋಗಬೇಕು.